ಒಂದು ಕೊಡಪಾನ ನೀರಿನ ಭಾರ: ಪೈಪಿನೊಳಗೆ ಕೇಬಲ್ ಎಷ್ಟು ಜೋರಾಗಿ ಎಳೆಯಬಹುದು?

ಬಾವಿಯಿಂದ ಸೇದಿ ತುಂಬಿಸಿದ ಒಂದು ಕೊಡಪಾನ ಎಷ್ಟು ತೂಗುತ್ತದೆ? ಹತ್ತು ಲೀಟರ್ ನೀರು, ಮೇಲೆ ಪಾತ್ರೆಯ ತೂಕ. ಒಟ್ಟು 12-13 ಕಿಲೋ ಅಂತ ಇಟ್ಟುಕೊಳ್ಳಿ. ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ 2.5 ಎಂಎಂ (ಅಂದರೆ ತಾಮ್ರದ ಅಡ್ಡಕೊಯ್ತ 2.5 ಚದರ ಮಿ.ಮೀ.) ತಾಮ್ರದ ವೈರ್ ಒಂದನ್ನು ಪೈಪಿನೊಳಗೆ ಎಳೆಯುವಾಗ ಹಾಕಬಹುದಾದ ಗರಿಷ್ಠ ಬಲವೂ ಅಷ್ಟೇ. ಒಂದು ಕೊಡಪಾನದ ಭಾರ. ಲೈಟಿಗೆ ಹಾಕುವ 1.5 ಎಂಎಂ ವೈರ್ ಆದರೆ ಏಳೂವರೆ ಕಿಲೋ.

ಇದನ್ನು ಸೈಟಿನಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ಗೋಡೆಗೆ ಕಾಲು ಕೊಟ್ಟು ಎಳೆಯುವವನ ಕೈಯಲ್ಲಿ 40 ಕಿಲೋ ಬಲ ಆರಾಮಾಗಿ ಬರುತ್ತದೆ. ವೈರ್ ಬಂತು, ತುಂಡಾಗಲಿಲ್ಲ, ಬಲ್ಬ್ ಉರಿಯಿತು. ಇನ್ನೆಂತ ಸಮಸ್ಯೆ, ಅಲ್ವಾ? ಸಮಸ್ಯೆ ಆ ದಿನ ಕಾಣುವುದಿಲ್ಲ. ನಾನು ಅದನ್ನು ಕಣ್ಣಾರೆ ನೋಡಿದ್ದು ಉಡುಪಿ ಕಡೆಯ ಕಟಪಾಡಿ ಹತ್ತಿರದ ಒಂದು ಮನೆಯಲ್ಲಿ.

ಗೇಟಿನ ಪಕ್ಕ ಮೀಟರ್, ಒಳಗೆ ಮನೆ. ನಡುವೆ 60 ಮೀಟರ್ ನೆಲದಡಿ ಪೈಪ್. ಅದರೊಳಗೆ ನಾಲ್ಕು ಕೋರಿನ (ಒಳಗೆ ನಾಲ್ಕು ಬೇರೆ ಬೇರೆ ವೈರ್ ಇರುವ) 16 ಎಂಎಂ ತಾಮ್ರದ ಕೇಬಲ್, ಆರ್ಮರ್ (ಲೋಹದ ರಕ್ಷಾಕವಚ) ಇಲ್ಲದ್ದು. ಎರಡು ವರ್ಷ ಎಲ್ಲ ಸರಿ ಇತ್ತು. ಮೂರನೇ ಮಳೆಗಾಲದಲ್ಲಿ, ಆಟಿ ತಿಂಗಳ ಜಡಿಮಳೆಗೆ, ಮೀಟರ್ ಹತ್ತಿರದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳಲು ಶುರುವಾಯಿತು. ಬಿಸಿಲು ಬಂದರೆ ಎರಡು ದಿನ ಸುಮ್ಮನಿರುತ್ತದೆ, ಮತ್ತೆ ಮಳೆ, ಮತ್ತೆ ಟ್ರಿಪ್. "ಎಂತದ್ದು ಮಾರಾಯ್ರೆ, ಹೊಸ ಕೇಬಲ್ ಅಲ್ವಾ ಇದು?" ಅಂತ ಮನೆಯವರು ಕೇಳಿದರು. ಎರಡೂ ತುದಿ ಬಿಚ್ಚಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಮೀಟರ್) ಹಾಕಿದೆವು. ನೂರಾರು ಮೆಗಾಓಮ್ ತೋರಿಸಬೇಕಾದ ಕಡೆ ಮುಳ್ಳು ಒಂದರ ಹತ್ತಿರವೂ ಬರಲಿಲ್ಲ.

ಕೇಬಲನ್ನು ಹೊರಗೆ ಎಳೆದೆವು. ಮೊದಲ ಐವತ್ತು ಮೀಟರ್ ನೋಡಿದರೆ ಹೊಸದರಂತೆ ಇತ್ತು, ಕೆಂಪು ಮಣ್ಣು ಮೆತ್ತಿದ್ದು ಬಿಟ್ಟರೆ. ಮನೆ ಕಡೆಯ ತುದಿ ಬಂದಾಗ ಗೊತ್ತಾಯಿತು. ಒಂದೇ ಬದಿಯಲ್ಲಿ, ಉದ್ದಕ್ಕೆ, ಹೊರಸಿಪ್ಪೆ ಹೆರೆಮಣೆಯಲ್ಲಿ ಹೆರೆದ ಹಾಗೆ ಎದ್ದುಹೋಗಿತ್ತು. ಒಂದು ಕಡೆ ಒಳಗಿನ ನೀಲಿ ಕೋರ್ ಕಾಣುತ್ತಿತ್ತು. ಅದರ ಸಣ್ಣ ಸೀಳಿನಲ್ಲಿ ತಾಮ್ರ ಹಸಿರಾಗಿತ್ತು.

ಕೇಬಲ್ ಹಾಕಿದ ದಿನ ನಾಲ್ಕು ಜನ ಸೇರಿ ಎಳೆದಿದ್ದರಂತೆ, ರಥ ಎಳೆದ ಹಾಗೆ. "ಸ್ವಲ್ಪ ಟೈಟ್ ಇತ್ತು, ಆದ್ರೆ ಬಂತು" ಅಂದರು. ಈ "ಬಂತು" ಅನ್ನುವ ಮಾತಿನಲ್ಲೇ ಎಲ್ಲ ಇದೆ. ಹಾಗಾದರೆ ಎಷ್ಟು ಎಳೆಯಬಹುದು, ಅದನ್ನು ಮೊದಲೇ ತಿಳಿಯುವುದು ಹೇಗೆ?

ಮೊದಲು ಲೋಹದ ಮಿತಿ. ಕೇಬಲಿನ ತುದಿಯಲ್ಲಿ ಕಂಡಕ್ಟರಿಗೇ ಕೊಕ್ಕೆ ಕೂರಿಸಿ ಎಳೆದರೆ ತಾಮ್ರಕ್ಕೆ ಪ್ರತಿ ಚದರ ಮಿ.ಮೀ.ಗೆ 50 ನ್ಯೂಟನ್, ಅಲ್ಯುಮಿನಿಯಂಗೆ 30 ನ್ಯೂಟನ್. ನಮ್ಮ ದೇಶದಲ್ಲಿ ಕೇಬಲ್ ಹಾಕುವ ಕೆಲಸಕ್ಕೆ ಇರುವ ಐಎಸ್ 1255 (1983ರದ್ದು) ಇದನ್ನೇ ಹೇಳುತ್ತದೆ. 10 ನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಭಾರ. ಹಾಗಾಗಿ ಬಾಯಿಲೆಕ್ಕ ಸುಲಭ: ತಾಮ್ರಕ್ಕೆ ಎಂಎಂಗೆ 5 ಕಿಲೋ, ಅಲ್ಯುಮಿನಿಯಂಗೆ 3 ಕಿಲೋ. ಎರಡೂವರೆ ಎಂಎಂಗೆ ಐದರಿಂದ ಗುಣಿಸಿದರೆ ನಮ್ಮ ಕೊಡಪಾನ ಸಿಕ್ಕಿತು.

ಮೆದು ತಾಮ್ರ ತುಂಡಾಗಲು ಚದರ ಮಿ.ಮೀ.ಗೆ 200 ನ್ಯೂಟನ್‌ಗಿಂತ ಜಾಸ್ತಿ ಬೇಕು. ಮಿತಿ ಅದರ ಕಾಲು ಭಾಗದಲ್ಲೇ ಯಾಕೆ ನಿಂತಿತು? ತಾಮ್ರ ತುಂಡಾಗುವುದಕ್ಕಿಂತ ಎಷ್ಟೋ ಮೊದಲೇ ಹಿಗ್ಗುತ್ತದೆ, ಹಿಗ್ಗಿದ್ದು ವಾಪಸ್ ಬರುವುದಿಲ್ಲ. ಉದ್ದ ಜಾಸ್ತಿಯಾದ ಕಡೆ ದಪ್ಪ ಕಡಿಮೆ. ದಪ್ಪ ಕಡಿಮೆಯಾದ ಕಡೆ ಬಿಸಿ ಜಾಸ್ತಿ. ಅದರ ಮೇಲಿನ ಪಿವಿಸಿ ಕೂಡ ಜೊತೆಗೇ ಹಿಗ್ಗಿ ತೆಳುವಾಗಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಎರಡನೆಯದು ಹಿಡಿತದ ಮಿತಿ. ಕೊಕ್ಕೆ ಕೂರಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಜಾಸ್ತಿ ಕಡೆ ತುದಿಗೆ ಸಾಕ್ಸ್ ತರದ ತಂತಿ ಬಲೆ ತೊಡಿಸಿ ಎಳೆಯುತ್ತಾರೆ. ಎಳೆದಷ್ಟೂ ಬಲೆ ಬಿಗಿಯುತ್ತದೆ. ಆದರೆ ಅದು ಹಿಡಿಯುವುದು ಸಿಪ್ಪೆಯನ್ನು, ಲೋಹವನ್ನಲ್ಲ. ಬಲ ಜಾಸ್ತಿಯಾದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಿಪ್ಪೆ ಮಾತ್ರ ಮುಂದೆ ಬರುತ್ತದೆ. ಅದಕ್ಕೆ ಐಎಸ್ 1255 ಬೇರೆ ಲೆಕ್ಕ ಕೊಡುತ್ತದೆ: ಕೇಬಲಿನ ಹೊರವ್ಯಾಸವನ್ನು ಮಿ.ಮೀ.ನಲ್ಲಿ ಅಳೆಯಿರಿ, ಅದರ ವರ್ಗ ಮಾಡಿ. ಆರ್ಮರ್ ಇಲ್ಲದ ಪಿವಿಸಿ, ಎಕ್ಸ್‌ಎಲ್‌ಪಿಇ (ಎರಡೂ ಇನ್ಸುಲೇಶನ್ನಿನ ಪ್ಲಾಸ್ಟಿಕ್) ಕೇಬಲ್ ಆದರೆ 5ರಿಂದ ಗುಣಿಸಿ, ಆರ್ಮರ್ ಇದ್ದರೆ 9ರಿಂದ. ಸಿಗುವುದು ನ್ಯೂಟನ್.

ಕಟಪಾಡಿಯ ಕೇಬಲಿಗೆ ಹಾಕಿ ನೋಡೋಣ. ದಪ್ಪ 22 ಮಿ.ಮೀ. ಅಂತ ಹಿಡಿಯೋಣ. ವರ್ಗ 484, ಅದಕ್ಕೆ 5 ಗುಣಿಸಿದರೆ 2,420 ನ್ಯೂಟನ್. ಅಂದರೆ ಸುಮಾರು 247 ಕಿಲೋ. ಲೋಹದ ಲೆಕ್ಕದಲ್ಲಿ ನಾಲ್ಕು ಕೋರ್, ತಲಾ 16, ಎಂಎಂಗೆ 50 ನ್ಯೂಟನ್: 3,200 ನ್ಯೂಟನ್, 326 ಕಿಲೋ. ಎರಡರಲ್ಲಿ ಕಡಿಮೆ ಯಾವುದೋ ಅದೇ ಮಿತಿ. ಬಲೆ ಹಾಕಿ ಎಳೆದಿದ್ದರಿಂದ 247 ಕಿಲೋ.

ನಾಲ್ಕು ಜನ 247 ಕಿಲೋ ಎಳೆದಿರಲಿಕ್ಕಿಲ್ಲ. ಆದರೂ ಕೇಬಲ್ ಹಾಳಾಯಿತು. ಇಲ್ಲಿಂದ ಮುಂದಿನದು ನಮ್ಮಲ್ಲಿ ಯಾರೂ ಲೆಕ್ಕ ಹಾಕದ ಭಾಗ.

ನೇರ ಪೈಪಿನಲ್ಲಿ ವಿಷಯ ಸರಳ. ಕೇಬಲಿನ ತೂಕವನ್ನು ಘರ್ಷಣೆಯ ಅಂಕೆಯಿಂದ ಗುಣಿಸಿದರೆ ಎಳೆಯಬೇಕಾದ ಬಲ. ಒಣ ಪೈಪಿನಲ್ಲಿ ಈ ಅಂಕೆ ಸುಮಾರು 0.5. ಒಳ್ಳೆಯ ಜಾರುದ್ರವ ಹಚ್ಚಿದರೆ 0.2ಕ್ಕೆ ಇಳಿಯುತ್ತದೆ. ನಮ್ಮ ಕೇಬಲ್ ಮೀಟರ್‌ಗೆ ಒಂದು ಕಿಲೋ ಅಂದುಕೊಂಡರೆ 60 ಮೀಟರ್‌ಗೆ 60 ಕಿಲೋ. ಒಣಗಿದ್ದರೆ ಎಳೆಯಲು 30 ಕಿಲೋ ಸಾಕು. ಉದ್ದ ಎರಡು ಪಟ್ಟಾದರೆ ಬಲವೂ ಎರಡು ಪಟ್ಟು. ಅದಕ್ಕಿಂತ ಜಾಸ್ತಿ ಏನಿಲ್ಲ.

ಬೆಂಡ್ ಬಂತೋ, ಆಟವೇ ಬೇರೆ. ನೇರ ಪೈಪ್ ಬಲವನ್ನು ಕೂಡಿಸುತ್ತದೆ. ಬೆಂಡ್ ಗುಣಿಸುತ್ತದೆ.

ಮಲ್ಪೆ ಬಂದರಿನ ದಕ್ಕೆಗೆ ಹೋದವರು ನೋಡಿರುತ್ತೀರಿ. ಬೋಟ್ ಬಂದು ನಿಲ್ಲುವಾಗ ಒಬ್ಬ ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಆ ಕಡೆ ಟನ್ನುಗಟ್ಟಲೆ ತೂಕದ ಬೋಟ್, ಈ ಕಡೆ ಬೀಡಿ ಕಚ್ಚಿಕೊಂಡ ಒಬ್ಬ ಮನುಷ್ಯ. ಹಗ್ಗ ಗೂಟವನ್ನು ಒತ್ತುತ್ತದೆ, ಒತ್ತಿದಷ್ಟು ಘರ್ಷಣೆ, ಘರ್ಷಣೆ ಜಾಸ್ತಿಯಾದಷ್ಟು ಹಿಡಿತ. ಘರ್ಷಣೆಯ ಅಂಕೆ 0.3 ಅಂತ ಹಿಡಿದರೆ ಎರಡು ಸುತ್ತಿಗೆ ಬಲ 40 ಪಟ್ಟು ದಾಟುತ್ತದೆ. ಕೈಯ ಹತ್ತು ಕಿಲೋ ಆ ಕಡೆ ನಾನ್ನೂರು ಕಿಲೋವನ್ನು ತಡೆಯುತ್ತದೆ. ಇದಕ್ಕೆ ಆಯ್ಲರ್–ಐಟೆಲ್ವೈನ್ ಸೂತ್ರ ಅಂತ ಹೆಸರು. ಬೋಟಿನವರಿಗೆ ಹೆಸರು ಬೇಕಾಗಿಲ್ಲ.

ದಕ್ಕೆಯಲ್ಲಿ ಈ ಸೂತ್ರ ನಮ್ಮ ಪರ. ಪೈಪಿನಲ್ಲಿ ನಮ್ಮ ವಿರುದ್ಧ. ನಾವು ಹಿಡಿದು ನಿಲ್ಲುವವರಲ್ಲ, ಎಳೆಯುವವರು. ಒಣ ಪೈಪಿನಲ್ಲಿ 90 ಡಿಗ್ರಿಯ ಒಂದು ಬೆಂಡ್ ಬಲವನ್ನು 2.2 ಪಟ್ಟು ಮಾಡುತ್ತದೆ. ಎರಡು ಬೆಂಡ್ ಅಂದರೆ 4.8 ಪಟ್ಟು. ನಾಲ್ಕು ಬೆಂಡ್ ಇದ್ದರೆ 23 ಪಟ್ಟು! ಜಾರುದ್ರವ ಹಾಕಿ ಅಂಕೆಯನ್ನು 0.2ಕ್ಕೆ ಇಳಿಸಿದರೆ ಅದೇ ನಾಲ್ಕು ಬೆಂಡ್ ಮೂರೂವರೆ ಪಟ್ಟಿಗೆ ನಿಲ್ಲುತ್ತದೆ. ಅಮೆರಿಕದ ವೈರಿಂಗ್ ಕೋಡಿನಲ್ಲಿ ಎರಡು ಪುಲ್ ಬಾಕ್ಸ್ (ಕೇಬಲ್ ಹೊರತೆಗೆದು ಮತ್ತೆ ಎಳೆಯಲು ನಡುವೆ ಇಡುವ ಪೆಟ್ಟಿಗೆ) ನಡುವೆ ಒಟ್ಟು 360 ಡಿಗ್ರಿಗಿಂತ ಜಾಸ್ತಿ ತಿರುವು ಇರಬಾರದು ಅಂತ ಇರುವುದು ಈ ಕಾರಣಕ್ಕೇ. ನನ್ನನ್ನು ಕೇಳಿದರೆ ನಮ್ಮ ಕಡೆಯ ಕೆಲಸಕ್ಕೆ ಎರಡು ಬೆಂಡಿಗೊಂದು ಬಾಕ್ಸ್ ಇರಲಿ. ಬಾಕ್ಸಿಗೆ ಹೋಗುವ ದುಡ್ಡು ಒಂದು ದಿನದ ಕೂಲಿಯಷ್ಟೂ ಅಲ್ಲ.

ಈಗ ಕಟಪಾಡಿಯ ಪೈಪಿಗೆ ಬನ್ನಿ. ಗೇಟಿನ ಚೇಂಬರಿನಿಂದ ಮನೆಯ ಮೂಲೆ ತನಕ ನೇರ. ಅಲ್ಲಿ ಒಂದು ಅಡ್ಡ ಬೆಂಡ್, ಆಮೇಲೆ ಸ್ಟೋರ್ ರೂಮಿನೊಳಗೆ ಮೇಲೇಳುವ ಇನ್ನೊಂದು. ಎರಡೂ ಮನೆ ಕಡೆ. ಕೇಬಲಿನ ಡ್ರಮ್ ಇಳಿಸಿದ್ದು ಗೇಟಿನಲ್ಲಿ, ಯಾಕೆಂದರೆ ಪಿಕಪ್ ಗಾಡಿ ಬಂದದ್ದು ಅಲ್ಲಿಯವರೆಗೆ ಮಾತ್ರ. ಎಳೆದದ್ದು ಮನೆಯೊಳಗಿನಿಂದ.

ಡ್ರಮ್ ತಿರುಗಲು 50 ನ್ಯೂಟನ್ ಬೇಕು ಅಂತ ಇಟ್ಟುಕೊಳ್ಳಿ. ಅದಕ್ಕೆ ನೇರ ಪೈಪಿನ 300 ಸೇರಿ 350. ಈ 350 ಎರಡು ಬೆಂಡ್ ಹತ್ತಬೇಕು. 4.8ರಿಂದ ಗುಣಿಸಿದರೆ 1,680 ನ್ಯೂಟನ್, ಸುಮಾರು 172 ಕಿಲೋ. ನಾಲ್ಕು ಜನ ಬೇಕಾದದ್ದರಲ್ಲಿ ಆಶ್ಚರ್ಯ ಇಲ್ಲ. 60 ಕಿಲೋ ಕೇಬಲನ್ನು ಹೆಗಲ ಮೇಲೆ ಹೊತ್ತು ಹೋಗುವುದೇ ಇದಕ್ಕಿಂತ ಹಗುರ.

ಡ್ರಮ್ಮನ್ನು ಸ್ಟೋರ್ ರೂಮಿಗೆ ಉರುಳಿಸಿಕೊಂಡು ಹೋಗಿ, ಅಲ್ಲಿಂದ ಕೇಬಲ್ ಬಿಟ್ಟು, ಗೇಟಿನಿಂದ ಎಳೆದಿದ್ದರೆ? ಬೆಂಡ್ ಹತ್ತುವುದು ಡ್ರಮ್ಮಿನ 50 ನ್ಯೂಟನ್ ಮಾತ್ರ. ಅದು 240 ಆಗುತ್ತದೆ. ಮೇಲೆ ನೇರ ಪೈಪಿನ 300. ಒಟ್ಟು 540, ಅಂದರೆ 55 ಕಿಲೋ. ಅದೇ ಪೈಪ್, ಅದೇ ಕೇಬಲ್, ಅದೇ ಉದ್ದ. ಎಳೆಯುವ ದಿಕ್ಕು ಬದಲಾದರೆ ಬಲ ಮೂರನೇ ಒಂದು ಭಾಗ! ಜಾರುದ್ರವವನ್ನೂ ಹಚ್ಚಿದರೆ 22 ಕಿಲೋಗೆ ಇಳಿಯುತ್ತದೆ. ಇಬ್ಬರು ಮಾತಾಡುತ್ತಾ ಎಳೆಯಬಹುದು.

ಬೆಂಡ್ ಯಾವ ಕಡೆ ಜಾಸ್ತಿ ಇದೆಯೋ ಆ ಕಡೆಯಿಂದ ಕೇಬಲ್ ಬಿಡಬೇಕು. ಪುಸ್ತಕದಲ್ಲಿ ಹೀಗೆ ಒಂದು ಸಾಲು ಇರುತ್ತದೆ, ಓದಿ ಮುಂದೆ ಹೋಗುತ್ತೇವೆ. ನಾನೂ ಹೋಗಿದ್ದೆ. ಸೈಟಿನಲ್ಲಿ ದಿಕ್ಕು ತೀರ್ಮಾನ ಮಾಡುವುದು ಗಾಡಿ ಎಲ್ಲಿ ನಿಲ್ಲುತ್ತದೆ, ನೆರಳು ಎಲ್ಲಿದೆ ಅನ್ನುವುದು.

ಆದರೂ ಒಂದು ಪ್ರಶ್ನೆ ಉಳಿಯಿತು. 172 ಕಿಲೋ 247ರ ಒಳಗೇ ಇದೆಯಲ್ಲ, ಸಿಪ್ಪೆ ಯಾಕೆ ಹೋಯಿತು? ಇಲ್ಲಿ ಮೂರನೇ ಮಿತಿ ಬರುತ್ತದೆ. ಬೆಂಡಿನ ಒಳಗೋಡೆ ಕೇಬಲನ್ನು ಒತ್ತುವ ಒತ್ತಡ. ಬೆಂಡಿನಿಂದ ಹೊರಬರುವಾಗಿನ ಬಲವನ್ನು ಬೆಂಡಿನ ರೇಡಿಯಸ್‌ನಿಂದ ಭಾಗಿಸಿದರೆ ಸಿಗುತ್ತದೆ. ಸಾಮಾನ್ಯ ಪವರ್ ಕೇಬಲಿಗೆ ಒಂದು ಮೀಟರ್‌ಗೆ ಸುಮಾರು 7,300 ನ್ಯೂಟನ್ ಮೇಲ್ಮಿತಿ ಅಂತ ಹಿಡಿಯುವ ರೂಢಿ ಇದೆ. ಕಂಪನಿಯ ಹಾಳೆಯಲ್ಲಿ ಕಡಿಮೆ ಕೊಟ್ಟಿದ್ದರೆ ಅದೇ ಲೆಕ್ಕ.

ಇಲ್ಲೊಂದು ಸೂಕ್ಷ್ಮ ಇದೆ. ಬೆಂಡ್ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದಕ್ಕೂ ಅದು ಚಿಕ್ಕದೋ ದೊಡ್ಡದೋ ಅನ್ನುವುದಕ್ಕೂ ಸಂಬಂಧ ಇಲ್ಲ. 90 ಡಿಗ್ರಿ ಅಂದರೆ 90 ಡಿಗ್ರಿ, ಎಷ್ಟು ಅಗಲಕ್ಕೆ ತಿರುಗಿದರೂ ಅಷ್ಟೇ. ಆದರೆ ಆ ಬಲವನ್ನು ಎಷ್ಟು ಉದ್ದದ ಸಿಪ್ಪೆ ಹಂಚಿಕೊಳ್ಳುತ್ತದೆ ಅನ್ನುವುದು ರೇಡಿಯಸ್ ಮೇಲೆ ನಿಂತಿದೆ. ತೆಳು ಹಗ್ಗದಲ್ಲಿ ಕೊಡ ಸೇದಿದರೆ ಅಂಗೈ ಕೊಯ್ಯುತ್ತದೆ, ದಪ್ಪ ಹಗ್ಗದಲ್ಲಿ ಇಲ್ಲ. ಭಾರ ಒಂದೇ.

ಅಗೆದು ಬೆಂಡ್ ತೆಗೆದು ನೋಡಿದರೆ ಅದು ಎಲೆಕ್ಟ್ರಿಕಲ್ ಬೆಂಡೇ ಆಗಿರಲಿಲ್ಲ. ನೀರಿನ ಪೈಪಿಗೆ ಹಾಕುವ ಶಾರ್ಟ್ ಬೆಂಡ್. ಪ್ಲಂಬರ್ ಅದೇ ದಿನ ಸೈಟಿನಲ್ಲಿದ್ದ, ಅವನ ಚೀಲದಲ್ಲಿತ್ತು, ಹಾಕಿದರು. ರೇಡಿಯಸ್ ಹೆಚ್ಚೆಂದರೆ 150 ಮಿ.ಮೀ. 1,680ನ್ನು 0.15ರಿಂದ ಭಾಗಿಸಿ: 11,200. ಮಿತಿಯ ಒಂದೂವರೆ ಪಟ್ಟು. ಹಿಂದಿನಿಂದ ಲೆಕ್ಕ ಹಾಕಿದರೆ ಆ ಬೆಂಡ್ ಇರುವ ತನಕ ಎಳೆಯಬಹುದಾಗಿದ್ದದ್ದು 112 ಕಿಲೋ ಮಾತ್ರ. ಸಾಲದ್ದಕ್ಕೆ ಪೈಪ್ ಗರಗಸದಲ್ಲಿ ಕೊಯ್ದ ಅಂಚನ್ನು ಯಾರೂ ಉಜ್ಜಿ ನಯ ಮಾಡಿರಲಿಲ್ಲ. ಜೋಡಣೆಯ ಒಳಗೆ ಮುರಕಲ್ಲಿನ ಚರಳು ಬೇರೆ. ಕೇಬಲ್ ಅದರ ಮೇಲೆ ಒತ್ತಿಕೊಂಡೇ ಹಲವು ಮೀಟರ್ ಹರಿದಿದೆ.

ಬಲದ ಮಾತು ಬಿಡಿ, ಆ ಕೇಬಲಿಗೆ ಆ ಬೆಂಡ್ ಮೊದಲೇ ಸಲ್ಲ. 1.1 ಕೆವಿ (1,100 ವೋಲ್ಟ್) ದರ್ಜೆಯ ಬಹುಕೋರ್ ಕೇಬಲನ್ನು ವ್ಯಾಸದ 12 ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು ಅಂತ ರೂಢಿಯ ನಿಯಮ. 22ರ 12 ಪಟ್ಟು 264 ಮಿ.ಮೀ. ಅಂದರೆ 300 ಮಿ.ಮೀ. ರೇಡಿಯಸ್‌ನ ಬೆಂಡ್ ಬೇಕಿತ್ತು.

ಜಾರುದ್ರವದ ಬಗ್ಗೆ ಕೂಡ ಹೇಳಬೇಕು. ನಮ್ಮೂರಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಜಾರುತ್ತದೆ ನಿಜ. ಆದರೆ ಎಣ್ಣೆ, ಗ್ರೀಸ್ ಪಿವಿಸಿಗೆ ಒಳ್ಳೆಯದಲ್ಲ. ಅದನ್ನು ಮೆದುವಾಗಿಡುವ ಅಂಶವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ, ಸಿಪ್ಪೆ ಗಡುಸಾಗುತ್ತದೆ. ಬಟ್ಟೆ ಸೋಪಿನ ನೊರೆ ಎಳೆಯುವಾಗ ಚೆನ್ನಾಗಿರುತ್ತದೆ, ಒಣಗಿದ ಮೇಲೆ ಗಟ್ಟಿ ಕಟ್ಟಿಕೊಳ್ಳುತ್ತದೆ. ಮುಂದೆ ಆ ವೈರ್ ತೆಗೆಯಬೇಕಾದರೆ ಪಾಡು ಬೇಡ. ಕೇಬಲಿಗೆಂದೇ ಬರುವ ನೀರು ಆಧಾರಿತ ಜೆಲ್ ತನ್ನಿ. ಮನೆಯೊಳಗಿನ ಸಣ್ಣ ವೈರಿಗೆ ಫ್ರೆಂಚ್ ಚಾಕ್ ಪುಡಿಯೂ ನಡೆಯುತ್ತದೆ. ಜೆಲ್ಲನ್ನು ಕೇಬಲಿನ ತುದಿಗೆ ಮಾತ್ರ ಬಳಿದರೆ ಮೊದಲ ಬೆಂಡಿನಲ್ಲೇ ಒರೆಸಿಹೋಗುತ್ತದೆ. ಪೈಪಿನೊಳಗೂ ಸುರಿಯಬೇಕು, ಕೇಬಲ್ ಒಳಗೆ ಹೋಗುವಷ್ಟು ಹೊತ್ತೂ ಒಬ್ಬ ಹಚ್ಚುತ್ತಲೇ ಇರಬೇಕು.

ಒಂದೇ ಪೈಪಿನಲ್ಲಿ ತುಂಬಾ ವೈರ್ ಎಳೆಯುವಾಗ ಮಿತಿಗಳನ್ನು ಸುಮ್ನೆ ಕೂಡಿಸಿಬಿಡಬೇಡಿ. ಆರು ವೈರಿನಲ್ಲಿ ನಿಜವಾಗಿ ಬಿಗಿಯಾಗಿರುವುದು ಎರಡೇ ಇರಬಹುದು, ಉಳಿದವು ಸಡಿಲ. ಭಾರವೆಲ್ಲ ಆ ಎರಡರ ಮೇಲೆ. ಪೈಪಿನ ಒಳಜಾಗದ 40 ಶೇಕಡಕ್ಕಿಂತ ಜಾಸ್ತಿ ತುಂಬಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ: ಒಂದೇ ದಪ್ಪದ ಮೂರು ಕೇಬಲ್ ಇದ್ದು, ಪೈಪಿನ ಒಳವ್ಯಾಸ ಒಂದು ಕೇಬಲಿನ ವ್ಯಾಸದ ಸುಮಾರು ಮೂರು ಪಟ್ಟು ಇದ್ದರೆ (2.8ರಿಂದ 3.2ರ ನಡುವೆ) ಬೆಂಡಿನಲ್ಲಿ ಮೂರೂ ಸಾಲಾಗಿ ನಿಂತು ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಎಷ್ಟು ಎಳೆದರೂ ಬಿಗಿಯುವುದು ಮಾತ್ರ. ಆಗ ಪೈಪಿನ ಸೈಜ್ ಬದಲಿಸುವುದೇ ದಾರಿ.

ಇಂಟರ್ನೆಟ್‌ನ ಲ್ಯಾನ್ ಕೇಬಲ್ ಎಳೆಯುವವರಿಗೆ ಒಂದು ಮಾತು: ಅದರ ಮಿತಿ 110 ನ್ಯೂಟನ್, 11 ಕಿಲೋ. ಕೊಡಪಾನಕ್ಕಿಂತಲೂ ಕಡಿಮೆ. ಎಳೆದರೆ ಒಳಗಿನ ಜೋಡಿಗಳ ಹೆಣಿಕೆ ಸಡಿಲಾಗಿ ಸ್ಪೀಡ್ ಬೀಳುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಕೈಯಂದಾಜಿನಲ್ಲಿ ಎಳೆದರೆ ಎಂತ ಬಂತು? ಬಲವನ್ನು ಅಳೆಯಬೇಕು. ದೊಡ್ಡ ಕೆಲಸಕ್ಕೆ ಡೈನಮೋಮೀಟರ್ ಇರುವ ವಿಂಚ್ ಬರುತ್ತದೆ. ಚಿಕ್ಕ ಕೆಲಸಕ್ಕೆ ನಾನು ಬಳಸುವುದು ಮೀನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ. 300 ಕಿಲೋದ್ದು. ಹಗ್ಗ ಮತ್ತು ಕೈಯ ನಡುವೆ ಅದನ್ನು ಸಿಕ್ಕಿಸಿದರೆ ಎಷ್ಟು ಎಳೆಯುತ್ತಿದ್ದೇವೆ ಅಂತ ಪರದೆಯಲ್ಲೇ ಕಾಣುತ್ತದೆ. ಜರ್ಕ್ ಹೊಡೆದಾಗ ಅಂಕಿ ಹೇಗೆ ಹಾರುತ್ತದೆ ಅಂತ ಒಮ್ಮೆ ತೋರಿಸಿ, ಹುಡುಗರು ತಾವಾಗಿಯೇ ನಿಧಾನಕ್ಕೆ ಎಳೆಯುತ್ತಾರೆ. ನಡುವೆ ನಿಲ್ಲಿಸಿ ಮತ್ತೆ ಎಳೆಯುವಾಗಲೂ ಅಂಕಿ ಜಿಗಿಯುತ್ತದೆ. ನಿಂತ ಕೇಬಲನ್ನು ಹೊರಡಿಸಲು ಓಡುವ ಕೇಬಲಿಗಿಂತ ಜಾಸ್ತಿ ಬಲ ಬೇಕು. ಹಾಗಾಗಿ ಒಂದೇ ಸಮ, ನಿಲ್ಲಿಸದೆ.

ಚೈನ್ ಪುಲ್ಲಿ, ಟಿರ್ಫರ್ (ಹಿಡಿಕೆ ಆಡಿಸಿ ಉಕ್ಕಿನ ಹಗ್ಗ ಎಳೆಯುವ ಸಾಧನ) ಹಾಕುವಾಗ ತಕ್ಕಡಿ ಇನ್ನೂ ಮುಖ್ಯ. ಅವು ಕೈಯ ಬಲವನ್ನು ಹತ್ತಾರು ಪಟ್ಟು ಮಾಡುತ್ತವೆ, ಕೈಗೆ ಏನೂ ಗೊತ್ತಾಗುವುದಿಲ್ಲ. ಜೆಸಿಬಿ ಬಕೆಟ್ಟಿಗೆ ಹಗ್ಗ ಕಟ್ಟಿ ಎಳೆಯುವವರನ್ನೂ ನೋಡಿದ್ದೇನೆ. ಅದರ ಬಗ್ಗೆ ಲೆಕ್ಕ ಏನೂ ಇಲ್ಲ, ಮಾಡಬೇಡಿ ಅಷ್ಟೇ. ಹಗ್ಗ ತುಂಡಾದರೆ ಅದು ಚಾಟಿಯ ಹಾಗೆ ವಾಪಸ್ ಬರುತ್ತದೆ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಕಟಪಾಡಿಯಲ್ಲಿ ಎರಡೂ ಬೆಂಡ್ ಬದಲಿಸಿದೆವು, 300 ಮಿ.ಮೀ. ರೇಡಿಯಸ್‌ನವು. ಪೈಪಿನ ಅಂಚು ಅರ ಹಾಕಿ ಉಜ್ಜಿದೆವು. ಹಳೆ ಗೋಣಿಚೀಲದ ತುಂಡನ್ನು ಹಗ್ಗಕ್ಕೆ ಕಟ್ಟಿ ಪೈಪಿನೊಳಗೆ ಮೂರು ಸಲ ಓಡಿಸಿದೆವು. ಮೊದಲ ಸಲ ಕೆಂಪು ಕೆಸರು ಬಂತು, ಮೂರನೇ ಸಲ ಬರೀ ಒದ್ದೆ. ಹೊಸ ಕೇಬಲಿನ ಡ್ರಮ್ಮನ್ನು ಸ್ಟೋರ್ ರೂಮಿನ ತನಕ ಉರುಳಿಸುವುದಕ್ಕೇ ಅರ್ಧ ಗಂಟೆ ಹೋಯಿತು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಬೇರೆ ಎತ್ತಬೇಕಾಯಿತು. ಒಬ್ಬ ಡ್ರಮ್ ತಿರುಗಿಸಿದ, ಒಬ್ಬ ಜೆಲ್ ಹಚ್ಚಿದ, ಗೇಟಿನಲ್ಲಿ ಇಬ್ಬರು ಎಳೆದರು. ಲೆಕ್ಕದಲ್ಲಿ 22 ಕಿಲೋ ಬಂದಿತ್ತು. ತಕ್ಕಡಿ ಒಮ್ಮೆ 31 ಮುಟ್ಟಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ನೆಲದಡಿಯ ಪೈಪ್ ಕಾಗದದ ಮೇಲೆ ಗೆರೆ ಎಳೆದಷ್ಟು ನೇರ ಇರುವುದಿಲ್ಲ, ಕೇಬಲಿಗೂ ತನ್ನದೇ ಬಿಗಿ ಇರುತ್ತದೆ. ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಬಲೆ ಹಿಡಿದಿದ್ದ ಮುಂದಿನ ಒಂದು ಮೀಟರ್ ಕತ್ತರಿಸಿ ಬಿಸಾಡಿದೆವು, ಆ ಭಾಗವನ್ನು ನಂಬುವ ಹಾಗಿಲ್ಲ. ಮೆಗ್ಗರ್ ಹಾಕಿ ಅಂಕಿ ಬರೆದಿಟ್ಟು, ಮಳೆ ಬರುವ ಮೊದಲು ಪೈಪಿನ ಎರಡೂ ಬಾಯಿ ಮುಚ್ಚಿದೆವು. ತಕ್ಕಡಿ ಮಲ್ಪೆಯ ಪರಿಚಯದವರದ್ದು. ಸಂಜೆ ವಾಪಸ್ ಕೊಡಲು ಹೋದಾಗ ಅವರು ಕೊಕ್ಕೆ ಮುಟ್ಟಿ ನೋಡಿ, "ಇದೆಂತ ಮಾರಾಯ್ರೆ, ಬಂಗುಡೆಗಿಂತ ಜಾಸ್ತಿ ಜಾರುತ್ತಲ್ಲ?" ಅಂತ ಕೇಳಿದರು.